ಪರಿಶೀಲನವೆಂಬ ಉಪಚಾರ

ಪೌರಾಡಳಿತದ ವಿಷಯದಲ್ಲಿ ಇಂಗ್ಲೆಂಡಿನ ಪದ್ಧತಿಯು ಭಾರತದ ವಿದ್ಯಾವಂತರಿಗೆ ಬಹುಕಾಲದಿಂದ ಮೇಲ್ಪಂಕ್ತಿಯಾಗಿ ತೋರುತ್ತ ಬಂದಿದೆ. ೧೮೮೨ರಲ್ಲಿ ಲಾರ್ಡ್ ರಿಪ್ಪನ್ ಪ್ರಭುವಿನ ನಿರ್ಣಯವು ಹೊರಟಂದಿನಿಂದ ಈ ದೇಶದ ಪುರಸಭೆಗಳು ಕಲಿತುಕೊಂಡ ಸಭೆ, ಸಮಿತಿ, ಗೊತ್ತುವಳಿಗಳೆಲ್ಲವೂ ಆ ದೇಶದಿಂದ ಬಂದುವೇ ಆಗಿವೆ. ಕರ್ನಾಟಕದ ೧೯೭೬ರ ಮಹಾನಗರಪಾಲಿಕೆಗಳ ಅಧಿನಿಯಮದಲ್ಲಿ ಕಾಣುವ ಸ್ಥಾಯೀ ಸಮಿತಿಗಳೂ ಅದೇ ವಂಶಕ್ಕೆ ಸೇರಿದುವು. ಆದರೆ ಮೇಲ್ಪಂಕ್ತಿಯನ್ನು ಬರೆದುಕೊಟ್ಟವರು ತಾವೇ ಆ ಪಂಕ್ತಿಯನ್ನು ಅಳಿಸಿ ಬೇರೊಂದನ್ನು ಬರೆದುಕೊಂಡರೆಂಬುದೂ, ಹೊಸದಾಗಿ ಬರೆದುದರ ಫಲವೇನಾಯಿತೆಂಬುದೂ ಇಲ್ಲಿಯ ಜನರಿಗೆ ಅಷ್ಟಾಗಿ ತಿಳಿದಂತೆ ಕಾಣುವುದಿಲ್ಲ.

೨೦೦೦ನೆಯ ಇಸವಿಯವರೆಗೆ ಇಂಗ್ಲೆಂಡಿನ ಪ್ರತಿಯೊಂದು ಪೌರಸಭೆಯಲ್ಲಿಯೂ ಕೆಲಸವೆಲ್ಲವೂ ಸಮಿತಿಗಳ ಮೂಲಕ ನಡೆಯುತ್ತಿತ್ತು. ವಸತಿಗೆ ಒಂದು ಸಮಿತಿ, ಶಿಕ್ಷಣಕ್ಕೆ ಒಂದು, ಬೀದಿ-ಚರಂಡಿಗಳಿಗೆ ಇನ್ನೊಂದು. ಆಳುವ ಪಕ್ಷದವನಾಗಲಿ ಎದುರುಪಕ್ಷದವನಾಗಲಿ, ಚುನಾಯಿತನಾದವನು ಯಾವುದಾದರೊಂದು ಸಮಿತಿಯಲ್ಲಿ ಕುಳಿತು ಮತ ಕೊಡುತ್ತಿದ್ದನು. ಆ ವರ್ಷದ ಸ್ಥಳೀಯ ಸರ್ಕಾರ ಅಧಿನಿಯಮವು ಈ ಏರ್ಪಾಟನ್ನು ಬಹುಮಟ್ಟಿಗೆ ಎತ್ತಿಹಾಕಿತು. ಅಧಿಕಾರವನ್ನು ನಾಯಕನೂ ಸೇರಿ ಹತ್ತು ಮಂದಿಗೆ ಮೀರದ ಒಂದು ಮಂತ್ರಿಮಂಡಲಿಯ ಕೈಗೆ ಕೊಟ್ಟು, ಮಿಕ್ಕ ಸದಸ್ಯರಿಗೆ ‘ಪರಿಶೀಲನ ಸಮಿತಿ’ಯೆಂಬ ಹೊಸ ಪೀಠವನ್ನು ಹಾಕಿತು. ಮಂಡಲಿಯು ಮಾಡುವುದು, ಸಮಿತಿಯು ನೋಡುವುದು: ಇದೇ ಆ ವ್ಯವಸ್ಥೆಯ ಸೂತ್ರ.

ಇದರ ಸಮರ್ಥಕರು ಹೇಳುವ ಮಾತು ಕೇಳುವುದಕ್ಕೆ ಇಂಪಾಗಿಯೇ ಇದೆ. ಹಳೆಯ ಸಮಿತಿಗಳಲ್ಲಿ ಕೆಲಸವು ನಿಧಾನವಾಗುತ್ತಿತ್ತು; ಯಾರು ಹೊಣೆಯೆಂದು ಕೇಳಿದರೆ ಇಪ್ಪತ್ತು ಬೆರಳುಗಳು ಇಪ್ಪತ್ತು ದಿಕ್ಕಿಗೆ ತೋರುತ್ತಿದ್ದುವು; ಆಳುವ ಪಕ್ಷದವರು ಮುಂಚಿತವಾಗಿಯೇ ಒಳಗೊಳಗೆ ತೀರ್ಮಾನಿಸಿಕೊಂಡು ಬಂದು ಸಮಿತಿಯಲ್ಲಿ ಕೈಯೆತ್ತುತ್ತಿದ್ದರು. ಈಗಲಾದರೋ ಮಾಡುವವನು ಇಂಥವನೆಂದು ಗೊತ್ತಾಗಿರುವುದರಿಂದ ಅವನನ್ನು ಕರೆದು ಕೇಳುವುದು ಸುಲಭ. ಕೇಳುವವರಿಗೂ ಬೇರೆ ಕೆಲಸದ ಹೊರೆಯಿಲ್ಲವಾದುದರಿಂದ ಅವರು ನಿಶ್ಚಿಂತೆಯಿಂದ ಕೂಲಂಕಷವಾಗಿ ವಿಚಾರಿಸಬಹುದು. ಹೀಗೆಂದು ಪೂರ್ವಪಕ್ಷ.

ಹಳೆಯ ಪದ್ಧತಿಯಲ್ಲಿ ದೋಷಗಳಿದ್ದುವೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಹೊಣೆಯನ್ನು ಒಂದೆಡೆಗೆ ತಂದುದು ಗುಣವೆಂದೇ ಒಪ್ಪಬಹುದು. ಪ್ರಶ್ನೆಯಿರುವುದು ಇಷ್ಟೆ: ಅಧಿಕಾರವನ್ನು ಹತ್ತು ಜನರಲ್ಲಿ ಕೂಡಿಹಾಕುವುದಕ್ಕೆ ಪ್ರತಿಯಾಗಿ ಕೊಟ್ಟ ಈ ಪರಿಶೀಲನವು ನಿಜವಾದ ಕಾವಲೋ, ಅಥವಾ ಬಾಗಿಲಿಗೆ ಬರೆದ ದ್ವಾರಪಾಲಕನ ಚಿತ್ರವೋ? ಇದಕ್ಕೆ ಉತ್ತರವನ್ನು ತರ್ಕದಿಂದ ಹುಡುಕಬೇಕಾದ ಅಗತ್ಯವೇ ಇಲ್ಲ. ಲಂಡನ್ ನಗರದ ಕೆನ್ಸಿಂಗ್ಟನ್-ಚೆಲ್ಸಿ ಎಂಬ ಪೌರಪ್ರದೇಶದಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುವಂತೆ ದೊರೆತಿದೆ.

ಆ ಪ್ರದೇಶವು ಇಂಗ್ಲೆಂಡಿನ ಅತಿ ಶ್ರೀಮಂತ ಪ್ರದೇಶಗಳಲ್ಲಿ ಒಂದು. ಅದರ ಉತ್ತರಭಾಗದಲ್ಲಿ ಮಾತ್ರ ಬಡವರೂ, ವಲಸೆ ಬಂದವರೂ, ಅಲ್ಪವೇತನದ ಕೆಲಸಗಾರರೂ ಪೌರಸಭೆಯ ಮನೆಗಳಲ್ಲಿ ಬಾಡಿಗೆಗೆ ಇದ್ದರು. ಅಲ್ಲಿ ೧೯೭೪ರಲ್ಲಿ ಕಟ್ಟಿ ಮುಗಿಸಿದ ೨೪ ಅಂತಸ್ತಿನ ಗ್ರೆನ್‌ಫೆಲ್ ಗೋಪುರವಿತ್ತು. ಪೌರಸಭೆಯು ತನ್ನ ಮನೆಗಳ ನಿರ್ವಹಣವನ್ನು ೧೯೯೬ರಲ್ಲಿ ಬಾಡಿಗೆದಾರರ ನಿರ್ವಹಣ ಸಂಸ್ಥೆಯೆಂಬ ಹೆಸರಿನ ಒಂದು ಕಂಪೆನಿಗೆ ಒಪ್ಪಿಸಿತ್ತು. ಹೆಸರಿನಲ್ಲಿ ಬಾಡಿಗೆದಾರರಿದ್ದರು, ಅವರ ಮಾತು ಎಷ್ಟರಮಟ್ಟಿಗೆ ನಡೆಯುತ್ತಿತ್ತೆಂಬುದು ಮುಂದೆ ತಿಳಿಯುತ್ತದೆ. ಮನೆಗಳ ಒಡೆತನ ಪೌರಸಭೆಯದು, ನಿರ್ವಹಣ ಸಂಸ್ಥೆಯದು, ಸಂಸ್ಥೆಯ ಮೇಲ್ವಿಚಾರಣೆ ಮತ್ತೆ ಪೌರಸಭೆಯದು. ಈ ಮೇಲ್ವಿಚಾರಣೆಯು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದಕ್ಕೆ ವಸತಿ ಮತ್ತು ಆಸ್ತಿಗಳ ಪರಿಶೀಲನ ಸಮಿತಿ. ಕಾಗದದ ಮೇಲೆ ಇದಕ್ಕಿಂತ ಭದ್ರವಾದ ಏರ್ಪಾಟು ಬೇಕೆ?

೨೦೧೨ರಿಂದ ೨೦೧೬ರ ವರೆಗೆ ಆ ಗೋಪುರದ ಜೀರ್ಣೋದ್ಧಾರ ನಡೆಯಿತು. ಹೊರಗೋಡೆಗೆ ಮೊದಲು ಸತುವಿನ ತಗಡನ್ನು ಹೊದಿಸಬೇಕೆಂದಿದ್ದುದನ್ನು ಬದಲಿಸಿ, ವೆಚ್ಚವನ್ನು ತಗ್ಗಿಸುವುದಕ್ಕೋಸ್ಕರ, ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ಪಾಲಿಎಥಿಲೀನ್ ತುಂಬಿದ ಹಲಗೆಗಳನ್ನು ಹೊದಿಸಿದರು. ಪಾಲಿಎಥಿಲೀನ್ ಎಂಬುದು ಎಣ್ಣೆಯ ಸಂತತಿಯ ವಸ್ತು. ಕಿಡಿ ಬಿದ್ದರೆ ಕರಗಿ ಉರಿಯುತ್ತ ಇಳಿಯುತ್ತದೆ. ೨೦೧೭ನೆಯ ಜೂನ್ ೧೪ರಂದು, ರಾತ್ರಿ ಒಂದು ಗಂಟೆಗೆ ಸ್ವಲ್ಪ ಮುಂಚೆ, ನಾಲ್ಕನೆಯ ಅಂತಸ್ತಿನ ಒಂದು ಅಡಿಗೆಮನೆಯಲ್ಲಿ ಶೀತಪೆಟ್ಟಿಗೆಗೆ ಬೆಂಕಿ ಹತ್ತಿತು. ಬೆಳಗಾಗುವುದರೊಳಗೆ ಗೋಪುರವೆಲ್ಲವೂ ಉರಿಯಿತು. ಆ ಅಗ್ನಿಗೆ ೭೨ ಮಂದಿ ಆಹುತಿಯಾದರು.

ಸರ್ ಮಾರ್ಟಿನ್ ಮೂರ್-ಬಿಕ್ ಎಂಬ ನಿವೃತ್ತ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ನಡೆದ ವಿಚಾರಣೆಯ ಕೊನೆಯ ವರದಿಯು ೨೦೨೪ರ ಸೆಪ್ಟೆಂಬರ್ ೪ರಂದು ಹೊರಬಿದ್ದಿತು. ಅದರಲ್ಲಿ ಹಲಗೆಗಳನ್ನು ಮಾಡಿ ಮಾರಿದವರ ಕಪಟವುಂಟು. ಕೇಂದ್ರ ಸರ್ಕಾರದ ಉಪೇಕ್ಷೆಯುಂಟು. ಶಿಲ್ಪಿಗಳದೂ ಗುತ್ತಿಗೆದಾರರದೂ ಅಸಡ್ಡೆಯುಂಟು. ಇವೆಲ್ಲವನ್ನೂ ಪೌರಸಭೆಯ ಒಂದು ಸಮಿತಿಯ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಪ್ರಕೃತಕ್ಕೆ ಬೇಕಾದ ಮಾತನ್ನು ಆ ವರದಿಯು ನಿರ್ದಾಕ್ಷಿಣ್ಯವಾಗಿ ಹೇಳಿದೆ. ೨೦೦೯ರಿಂದ ೨೦೧೭ರ ವರೆಗೆ ಅಗ್ನಿಯಿಂದ ರಕ್ಷಣೆಯ ವಿಷಯದಲ್ಲಿ ಸಂಸ್ಥೆಯೂ ಪೌರಸಭೆಯೂ ಬಿಡದೆ ಔದಾಸೀನ್ಯವನ್ನು ತೋರಿದುವು. ಸಂಸ್ಥೆಯ ಕೆಲಸವನ್ನು ಅಳೆಯುವುದಕ್ಕೆ ಇಟ್ಟುಕೊಂಡಿದ್ದ ಮುಖ್ಯ ಮಾನದಂಡಗಳಲ್ಲಿ ಅಗ್ನಿರಕ್ಷಣೆಗೆ ಸಂಬಂಧಪಟ್ಟುದು ಒಂದೂ ಇರಲಿಲ್ಲ. ೨೦೦೯ರಲ್ಲಿಯೇ ಸಂಸ್ಥೆಗಾಗಿ ಸ್ವತಂತ್ರ ತಜ್ಞರು ಬರೆದುಕೊಟ್ಟ ತೀಕ್ಷ್ಣವಾದ ಆಕ್ಷೇಪಗಳ ವರದಿಯಿತ್ತು. ಪೌರಸಭೆಯು ಅದನ್ನು ಉಪಯೋಗಿಸಿಕೊಂಡುದು ಅತ್ಯಲ್ಪ. ಸಂಸ್ಥೆಯ ಮುಖ್ಯಾಧಿಕಾರಿಯು ಅಗ್ನಿಶಾಮಕದಳದವರ ಆಕ್ಷೇಪಗಳನ್ನು ತನ್ನ ಮಂಡಲಿಗೂ ಪೌರಸಭೆಗೂ ತಿಳಿಸದೆ ಮುಚ್ಚಿಡುವುದನ್ನೇ ರೂಢಿಮಾಡಿಕೊಂಡಿದ್ದನು. ಸ್ವತಂತ್ರವೂ ಕಟ್ಟುನಿಟ್ಟೂ ಆದ ಪರಿಶೀಲನವು ಇರಲೇ ಇಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡತಕ್ಕ ಸಂಗತಿಯೊಂದಿದೆ. ಬಾಡಿಗೆ ಎಷ್ಟು ವಸೂಲಾಯಿತು, ದುರಸ್ತಿಗೆ ಎಷ್ಟು ದಿನ ಹಿಡಿಯಿತು, ಖಾಲಿಬಿದ್ದ ಮನೆಗಳೆಷ್ಟು ಎಂಬ ಅಂಕಿಗಳನ್ನು ಕೋಷ್ಟಕಗಳಲ್ಲಿ ತುಂಬಿ ಸಮಿತಿಗಳ ಮುಂದಿಡುವುದು ಆ ದೇಶದ ವಸತಿ ಇಲಾಖೆಗಳಲ್ಲೆಲ್ಲ ವಾಡಿಕೆ. ಕೋಷ್ಟಕದಲ್ಲಿ ಹಸುರು ಬಣ್ಣವಿದ್ದರೆ ತೃಪ್ತಿ, ಕೆಂಪು ಬಣ್ಣವಿದ್ದರೆ ಪ್ರಶ್ನೆ. ಕೋಷ್ಟಕದಲ್ಲಿಯೇ ಇಲ್ಲದುದು? ಅದು ಲೋಕದಲ್ಲಿಯೂ ಇಲ್ಲ! ನೈಯಾಯಿಕರು ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷವನ್ನು ಮೊದಲಿಟ್ಟು ಶಬ್ದವನ್ನು ಕೊನೆಗಿಟ್ಟರು. ಶಬ್ದವಾದರೂ ಆಪ್ತನ ಮಾತಾದರೆ ಮಾತ್ರ ಪ್ರಮಾಣವೆಂದರು. ಆಪ್ತನೆಂದರೆ ಇದ್ದುದನ್ನು ಇದ್ದಂತೆ ಹೇಳುವವನು. ಪರಿಶೀಲನ ಸಮಿತಿಗೆ ಪ್ರತ್ಯಕ್ಷವಿಲ್ಲ, ಅನುಮಾನಕ್ಕೆ ಬೇಕಾದ ಹೇತುವನ್ನು ಒದಗಿಸಿಕೊಳ್ಳಲು ಅದಕ್ಕೆ ಸ್ವಂತ ಪರೀಕ್ಷಕರಿಲ್ಲ, ಉಳಿದುದು ಶಬ್ದವೊಂದೇ. ಆ ಶಬ್ದವನ್ನು ನುಡಿಯುವವನು ಯಾರ ಕೆಲಸ ಪರೀಕ್ಷೆಗೊಳಗಾಗಿದೆಯೋ ಆ ಅಧಿಕಾರಿಯೇ! ಪಾಠಶಾಲೆಯಲ್ಲಿ ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆಗೆ ಅಂಕಗಳನ್ನು ಹಾಕಿ, ಅದರ ಸಾರಾಂಶವನ್ನು ಮಾತ್ರ ಪರೀಕ್ಷಕರಿಗೆ ಕಳುಹಿಸುವ ಕ್ರಮವನ್ನು ಯಾರೂ ಪರೀಕ್ಷೆಯೆಂದು ಕರೆಯುವುದಿಲ್ಲ.

ಪ್ರತ್ಯಕ್ಷವನ್ನು ಹೇಳಬಲ್ಲವರು ಇದ್ದೇ ಇದ್ದರು. ಅವರು ಗೋಪುರದೊಳಗೆ ವಾಸವಾಗಿದ್ದವರು. ನಿವಾಸಿಗಳ ಒಂದು ಗುಂಪಿನವರು ೨೦೧೬ರ ನವೆಂಬರ್ ತಿಂಗಳಿನಲ್ಲಿ, ಎಂದರೆ ದುರಂತಕ್ಕೆ ಏಳು ತಿಂಗಳು ಮುಂಚೆ, ಮಹಾ ಅನಾಹುತವೊಂದು ನಡೆದ ಹೊರತು ಈ ಸಂಸ್ಥೆಯವರ ಅಯೋಗ್ಯತೆ ಹೊರಬೀಳಲಾರದೆಂಬ ಅರ್ಥದಲ್ಲಿ ಬಹಿರಂಗವಾಗಿ ಬರೆದಿದ್ದರು. ಇಂಥವರನ್ನು ಸಂಸ್ಥೆಯು ಏನೆಂದು ಭಾವಿಸಿತ್ತು? ಕೆಲವು ಬಾಯಿಬಡುಕರ ಮಾತು ಕೇಳಿ ಕುಣಿಯುವ ಕಲಹಪ್ರಿಯರೆಂದು. ಇದೂ ವಿಚಾರಣೆಯ ವರದಿಯಲ್ಲಿಯೇ ಇದೆ. ದೂರುವವನ ದನಿ ಕರ್ಕಶವಾಗಿದ್ದರೆ ದೂರು ಸುಳ್ಳಾಗುವುದೆಂಬ ನ್ಯಾಯವನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಆದರೂ ಕಚೇರಿಗಳಲ್ಲಿ ಅದು ಎಲ್ಲ ದೇಶದಲ್ಲಿಯೂ ನಡೆದುಬರುತ್ತಿದೆ.

ದುರಂತದ ಅನಂತರವಾದರೂ ಕಣ್ಣು ತೆರೆಯಿತೆ? ೨೦೧೭ರ ಜೂನ್ ೨೯ರಂದು ಆ ಪೌರಸಭೆಯ ಮಂತ್ರಿಮಂಡಲಿಯು ದುರಂತದ ವಿಷಯವಾಗಿ ಸೇರಿದಾಗ ಸಾರ್ವಜನಿಕರನ್ನೂ ಪತ್ರಿಕೆಯವರನ್ನೂ ಹೊರಗಿಡಲು ಯತ್ನಿಸಿತು. ಪತ್ರಿಕೆಯವರು ನ್ಯಾಯಾಲಯದಿಂದ ಆಜ್ಞೆಯನ್ನು ತಂದು ಒಳಹೊಕ್ಕರು. ಆಗ ನಾಯಕನು, ಬಹಿರಂಗವಾಗಿ ಚರ್ಚಿಸಿದರೆ ಮುಂದಿನ ವಿಚಾರಣೆಗೆ ಬಾಧಕವಾದೀತೆಂದು ಹೇಳಿ ಸಭೆಯನ್ನೇ ನಿಲ್ಲಿಸಿಬಿಟ್ಟನು. ಮರುದಿನ ಅವನು ರಾಜೀನಾಮೆ ಕೊಡಬೇಕಾಯಿತು. ಬಹಿರಂಗವಾದ ಪ್ರಶ್ನೆಗೆ ಹದಿನೇಳು ವರ್ಷಗಳಿಂದ ಅಭ್ಯಾಸಬಿದ್ದ ಮಂಡಲಿಯು ವರ್ತಿಸುವ ಬಗೆ ಇದಾಗಿದ್ದರೆ, ಅಭ್ಯಾಸವಿಲ್ಲದುದು ಹೇಗೆ ವರ್ತಿಸೀತು!

ಒಂದೇ ಊರಿನ ದುರ್ದೈವವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸ್ಟಾಫರ್ಡಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಒದಗಿದ ದುರ್ಗತಿಯನ್ನು ಕುರಿತ ೨೦೧೩ರ ಫ್ರಾನ್ಸಿಸ್ ವರದಿಯು ಅಲ್ಲಿಯ ಪರಿಶೀಲನ ಸಮಿತಿಗಳನ್ನು ಆಕ್ಷೇಪಿಸಿತು. ರಾದರ್‌ಹ್ಯಾಮ್ ಪಟ್ಟಣದಲ್ಲಿ ಮಕ್ಕಳ ಮೇಲೆ ವರ್ಷಗಟ್ಟಲೆ ನಡೆದ ಅತ್ಯಾಚಾರಗಳ ವಿಷಯವಾಗಿ ೨೦೧೫ರಲ್ಲಿ ಲೂಯಿಸ್ ಕೇಸಿಯವರು ಬರೆದ ವರದಿಯು ಅಲ್ಲಿಯ ಪೌರಸಭೆಯನ್ನೇ ಕರ್ತವ್ಯಕ್ಕೆ ಅಯೋಗ್ಯವೆಂದು ಸಾರಿ, ಪರಿಶೀಲನದ ನಿಷ್ಫಲತೆಯನ್ನೂ ಎತ್ತಿತೋರಿಸಿತು. ಆಸ್ಪತ್ರೆ, ಅನಾಥ ಮಕ್ಕಳು, ಬಡವರ ಮನೆ. ಮೂರರಲ್ಲಿಯೂ ಸಮಿತಿಯಿತ್ತು, ಮೂರರಲ್ಲಿಯೂ ಸಭೆಗಳು ಸೇರಿದುವು.

ಹೀಗೇಕೆ? ಸದಸ್ಯರು ದುಷ್ಟರೆಂದಲ್ಲ. ಅವರಲ್ಲಿ ಬಹುಮಂದಿ ತಮ್ಮ ಉದ್ಯೋಗವನ್ನು ಮುಗಿಸಿಕೊಂಡು ಸಂಜೆಯ ಹೊತ್ತು ನೂರಾರು ಪುಟಗಳ ಕಾಗದಗಳನ್ನು ಓದಿ ಬರುವ ಸಜ್ಜನರು. ದೋಷವಿರುವುದು ಪೀಠದ ರಚನೆಯಲ್ಲಿ. ಮೀಮಾಂಸಕರು ವೇದವಾಕ್ಯಗಳನ್ನು ವಿಧಿಯೆಂದೂ ಅರ್ಥವಾದವೆಂದೂ ವಿಂಗಡಿಸುತ್ತಾರೆ. ಮಾಡತಕ್ಕದ್ದೆಂದು ಕಟ್ಟುಮಾಡುವುದು ವಿಧಿ. ಸ್ತುತಿನಿಂದೆಗಳಿಂದ ಮನಸ್ಸನ್ನು ಒಲಿಸುವುದು ಅರ್ಥವಾದ. ವಿಧಿಯೊಡನೆ ಸೇರಿದ ಅರ್ಥವಾದಕ್ಕೆ ಬೆಲೆಯುಂಟು. ವಿಧಿಯೇ ಇಲ್ಲದ ಅರ್ಥವಾದವು ಬರಿಯ ಕಥೆ. ಪರಿಶೀಲನ ಸಮಿತಿಯ ವರದಿಗಳೆಲ್ಲವೂ ಈ ಎರಡನೆಯ ಜಾತಿಯವು. ಸಮಿತಿಯು ಸಲಹೆಗಳನ್ನು ಬರೆದು ಕಳುಹಿಸಬಹುದು, ಎರಡು ತಿಂಗಳೊಳಗೆ ಮಂಡಲಿಯು ಉತ್ತರ ಕೊಡಬೇಕೆಂದು ಶಾಸನವಿದೆ, ಒಪ್ಪಬೇಕೆಂದಿಲ್ಲ. ಮಂಡಲಿಯ ನಿರ್ಣಯವೊಂದನ್ನು, ಸಾಮಾನ್ಯವಾಗಿ ಐದು ಕೆಲಸದ ದಿನಗಳೊಳಗೆ, ಸಮಿತಿಯು ತಡೆದು ಪುನರ್ವಿಚಾರಕ್ಕೆ ಹಿಂದಕ್ಕೆ ಕಳುಹಿಸಬಹುದು. ಯಾರ ಬಳಿಗೆ? ಆ ನಿರ್ಣಯವನ್ನು ಮಾಡಿದವರ ಬಳಿಗೇ. ಅವರು ಅದನ್ನೇ ಮತ್ತೊಮ್ಮೆ ನಿರ್ಣಯಿಸಿದರೆ ಅಲ್ಲಿಗೆ ಮುಗಿಯಿತು.

ಇನ್ನು ಅಧ್ಯಕ್ಷನ ಮಾತು. ಸಮಿತಿಯ ಅಧ್ಯಕ್ಷನನ್ನು ಅನೇಕ ಸಭೆಗಳಲ್ಲಿ ಬಹುಮತವುಳ್ಳ ಪಕ್ಷವೇ ತನ್ನವರಿಂದ ಆರಿಸುತ್ತದೆ. ಆ ಸ್ಥಾನಕ್ಕೆ ವಿಶೇಷ ಹೊಣೆಯ ಭತ್ಯವೆಂದು ಹಣವೂ ಉಂಟು. ಈ ವರ್ಷ ನಾಯಕನನ್ನು ಬಿಗಿಯಾಗಿ ಪ್ರಶ್ನಿಸಿದ ಅಧ್ಯಕ್ಷನು ಮುಂದಿನ ವರ್ಷ ಅದೇ ಪೀಠದಲ್ಲಿ ಕುಳಿತಿರುವನೆ, ನಾಳೆ ಮಂತ್ರಿಮಂಡಲಿಗೆ ಸೇರುವ ಆಸೆಯಿಟ್ಟುಕೊಳ್ಳಬಹುದೆ ಎಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಸಮಿತಿಗೆ ನೆರವಾಗುವ ಅಧಿಕಾರಿಗಳೂ ಅದೇ ಪೌರಸಭೆಯ ಸಂಬಳವನ್ನು ತಿನ್ನುವವರು. ದೊಡ್ಡ ಸಭೆಗಳಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕೆಂದು ಕಾಯಿದೆ ಹೇಳುತ್ತದೆ. ಚಿಕ್ಕ ಜಿಲ್ಲಾಸಭೆಗಳಿಗೆ ಆ ಕಟ್ಟೂ ಇಲ್ಲ.

ಅದೆಲ್ಲಕ್ಕಿಂತ ದೊಡ್ಡ ಲೋಪವು ಬೇರೊಂದುಂಟು. ಕಾಯಿದೆಯ ಪ್ರಕಾರ ಸಮಿತಿಯು ಮಂತ್ರಿಯನ್ನೂ ಪೌರಸಭೆಯ ಅಧಿಕಾರಿಗಳನ್ನೂ ಬರಲೇಬೇಕೆಂದು ಕರೆಯಿಸಬಹುದು. ಹೊರಗಿನ ಗುತ್ತಿಗೆದಾರನನ್ನೋ ವಸತಿ ಸಂಘವನ್ನೋ ಸಾಧಾರಣವಾಗಿ ಬಿನ್ನವಿಸಿಕೊಳ್ಳಬಹುದು, ಅಷ್ಟೆ. ಈಗ ಕೆಲಸವನ್ನೆಲ್ಲ ಮಾಡುತ್ತಿರುವವರು ಯಾರು? ಈ ಹೊರಗಿನವರೇ. ಅನೇಕ ಊರುಗಳಲ್ಲಿ ಪೌರಸಭೆಯ ಮನೆಗಳೇ ವಸತಿ ಸಂಘಗಳಿಗೆ ವರ್ಗವಾಗಿಹೋಗಿವೆ. ರಾಚ್‌ಡೇಲ್ ಎಂಬ ಊರಿನಲ್ಲಿ ಹಾಗೆ ವರ್ಗವಾದ ಮನೆಗಳಲ್ಲಿ ಒಂದರಲ್ಲಿ, ಗೋಡೆಯ ಬೂಷ್ಟಿನ ವಿಷಯವಾಗಿ ತಂದೆಯು ೨೦೧೭ರಿಂದ ದೂರು ಕೊಡುತ್ತಿದ್ದರೂ ಸರಿಪಡಿಸುವವರಿಲ್ಲದೆ, ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗುವು ೨೦೨೦ರ ಡಿಸೆಂಬರಿನಲ್ಲಿ ಉಸಿರಾಟ ಕೆಟ್ಟು ಸತ್ತಿತು. ಬೂಷ್ಟೇ ಸಾವಿಗೆ ಕಾರಣವೆಂದು ೨೦೨೨ರ ನವೆಂಬರಿನಲ್ಲಿ ಮರಣವಿಚಾರಣೆಯ ಅಧಿಕಾರಿಯು ತೀರ್ಮಾನಿಸಿದರು. ಆ ಮಗುವಿನ ಹೆಸರಿನಲ್ಲಿ, ಇಂತಿಷ್ಟು ದಿನಗಳೊಳಗೆ ಬೂಷ್ಟನ್ನು ಪರೀಕ್ಷಿಸಿ ದುರಸ್ತಿಮಾಡತಕ್ಕದ್ದೆಂಬ ನಿಯಮಗಳು ೨೦೨೫ರ ಅಕ್ಟೋಬರ್ ೨೭ರಿಂದ ಜಾರಿಗೆ ಬಂದಿವೆ. ಇದು ವಿಧಿ. ಆದುದರಿಂದಲೇ ಇದಕ್ಕೆ ಹಲ್ಲುಂಟು. ಬಿನ್ನವಿಸಿಕೊಳ್ಳುವ ಅಧಿಕಾರದಿಂದ ಇಂಥದು ಹುಟ್ಟಲಿಲ್ಲ.

ಇದನ್ನೆಲ್ಲ ಆ ದೇಶದ ಪಾರ್ಲಿಮೆಂಟು ಅರಿಯದೆ ಇಲ್ಲ. ೨೦೧೭ರ ಡಿಸೆಂಬರಿನಲ್ಲಿ ಕಾಮನ್ಸ್ ಸಭೆಯ ಒಂದು ಸಮಿತಿಯು ಈ ಪರಿಶೀಲನ ಪದ್ಧತಿಯನ್ನೇ ಪರಿಶೀಲಿಸಿ ವರದಿಯೊಪ್ಪಿಸಿತು. ಪರಿಶೀಲನ ಸಮಿತಿಗಳು ಮಂಡಲಿಗಲ್ಲದೆ ಪೂರ್ಣ ಪೌರಸಭೆಗೆ ವರದಿ ಕೊಡಲಿ, ಅಧ್ಯಕ್ಷರನ್ನು ಗುಪ್ತಮತದಿಂದ ಆರಿಸುವುದನ್ನು ಕೆಲವೆಡೆ ಪ್ರಯೋಗಿಸಿ ನೋಡಲಿ, ಸಾರ್ವಜನಿಕ ಸೇವೆಯನ್ನು ಗುತ್ತಿಗೆ ಹಿಡಿದವರನ್ನು ಕರೆಯಿಸಿ ಕೇಳುವ ಹಕ್ಕಿರಲಿ ಎಂದು ಅದು ಹೇಳಿತು. ಸರ್ಕಾರವು ಮಾಡಿದುದೇನು? ಇಂಥವನ್ನು ಆಯಾ ಪೌರಸಭೆಗಳೇ ತಮಗೆ ತೋರಿದಂತೆ ಗೊತ್ತುಮಾಡಿಕೊಳ್ಳಲೆಂದು ಬಹುಮಟ್ಟಿಗೆ ಬಿಟ್ಟು, ೨೦೧೯ರ ಮೇ ತಿಂಗಳಿನಲ್ಲಿ ಮಾರ್ಗದರ್ಶಿಕೆಯೊಂದನ್ನು ಹೊರಡಿಸಿತು. ಯಾರ ಮೇಲೆ ಕಾವಲಿಡಬೇಕೋ ಅವರನ್ನೇ ಕೇಳಿ ಕಾವಲುಗಾರನಿಗೆ ದೊಣ್ಣೆಯನ್ನು ಕೊಡುವ ಕ್ರಮವಿದು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಸಮಿತಿಗೆ ಬಲವನ್ನು ಕೊಟ್ಟರೆ ಒಂದು ಸಭೆಯಲ್ಲಿ ಎರಡು ಸರ್ಕಾರಗಳಾಗುವುವೆಂಬುದು ಮೊದಲನೆಯದು. ನಿರ್ಣಯಿಸುವ ಬಲ ಬೇರೆ, ಕೇಳಿ ತಿಳಿಯುವ ಬಲ ಬೇರೆ. ಎರಡನೆಯದನ್ನು ಕೊಟ್ಟ ಮಾತ್ರಕ್ಕೆ ಮೊದಲನೆಯದು ಎಲ್ಲಿಗೂ ಹೋಗುವುದಿಲ್ಲ. ನ್ಯಾಯಾಲಯವು ಸಾಕ್ಷಿಯನ್ನು ಬಲವಂತವಾಗಿ ಕರೆಯಿಸಿಕೊಳ್ಳುತ್ತದೆಂದು ಅದನ್ನು ಯಾರೂ ಎರಡನೆಯ ಸರ್ಕಾರವೆಂದಿಲ್ಲ. ಸದಸ್ಯರು ಸಾಮಾನ್ಯ ಜನರಾದುದರಿಂದ ಹಲಗೆಯ ಗುಣ, ಬೆಂಕಿಯ ಗತಿ ಮುಂತಾದ ತಾಂತ್ರಿಕ ವಿಷಯಗಳು ಅವರಿಗೆ ತಿಳಿಯಲಾರವೆಂಬುದು ಎರಡನೆಯದು. ಇದು ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಕೆನ್ಸಿಂಗ್ಟನ್ನಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗೆ ಯಾವ ರಸಾಯನಶಾಸ್ತ್ರವೂ ಬೇಕಾಗಿರಲಿಲ್ಲ. “೨೦೦೯ರ ವರದಿಯಲ್ಲಿ ಹೇಳಿದ ದೋಷಗಳಲ್ಲಿ ಎಷ್ಟನ್ನು ತಿದ್ದಿದ್ದೀರಿ? ಅಗ್ನಿಶಾಮಕದಳದವರು ನಿಮಗೆ ಬರೆದ ಪತ್ರಗಳೆಲ್ಲಿ? ತಂದು ಇಡಿ” ಎಂದರೆ ಸಾಕಾಗಿತ್ತು. ಮನೆಯ ಲೆಕ್ಕವನ್ನು ನೋಡುವ ಯಾವ ಗೃಹಿಣಿಯಾದರೂ ಇಷ್ಟು ಕೇಳಬಲ್ಲಳು. ಆದರೆ ಕಾಗದವನ್ನು ತಂದಿಡುವಂತೆ ಮಾಡುವ ಬಲವೂ, ಕೇಳಿದವನು ಪೀಠವನ್ನು ಕಳೆದುಕೊಳ್ಳನೆಂಬ ಭರವಸೆಯೂ ಬೇಕು.

ಬಾಡಿಗೆದಾರರ ವಿಷಯದಲ್ಲಿ ಈ ಕಾಯಿದೆಯು ತೋರಿದ ತಾರತಮ್ಯವಂತೂ ಆಶ್ಚರ್ಯಕರವಾದುದು. ಶಿಕ್ಷಣದ ವಿಷಯವನ್ನು ನೋಡುವ ಪರಿಶೀಲನ ಸಮಿತಿಯಲ್ಲಿ ಆಂಗ್ಲಿಕನ್ ಮತ್ತು ರೋಮನ್ ಕ್ಯಾಥೊಲಿಕ್ ಚರ್ಚುಗಳ ಪ್ರತಿನಿಧಿಗಳಿಗೂ, ಶಾಲೆಗಳಲ್ಲಿ ಓದುವ ಮಕ್ಕಳ ತಂದೆತಾಯಿಗಳ ಪ್ರತಿನಿಧಿಗಳಿಗೂ, ಅವರು ಚುನಾಯಿತ ಸದಸ್ಯರಲ್ಲದಿದ್ದರೂ, ಮತಕೊಡುವ ಹಕ್ಕನ್ನು ಶಾಸನವೇ ಕೊಟ್ಟಿದೆ. ಮಗುವು ಕಲಿಯುವ ಶಾಲೆಯಲ್ಲಿ ತಂದೆತಾಯಿಗಳಿಗೆ ಹಿತಾಸಕ್ತಿಯಿದೆಯೆಂಬುದು ಅದರ ಕಾರಣವಾಗಿರಬೇಕು; ಯುಕ್ತವೇ ಸರಿ. ಹಾಗಾದರೆ ಅದೇ ಮಗುವು ರಾತ್ರಿ ಮಲಗುವ ಮನೆಯಲ್ಲಿ? ವಸತಿಯನ್ನು ನೋಡುವ ಸಮಿತಿಯಲ್ಲಿ ಬಾಡಿಗೆದಾರನಿಗೆ ಅಂಥ ಶಾಸನದತ್ತ ಮತವಿಲ್ಲ. ಪೌರಸಭೆಯು ಮನಸ್ಸು ಮಾಡಿ ಅದಕ್ಕಾಗಿ ಯೋಜನೆಯೊಂದನ್ನು ರಚಿಸಿದರೆ ಕೊಡಬಹುದು. ಮನಸ್ಸು ಮಾಡದಿದ್ದರೆ ಅವನು ಬಂದು ಕುಳಿತು ಕೇಳಿಸಿಕೊಂಡು ಹೋಗಬೇಕು. ಈ ಒಂದು ಲೋಪವನ್ನು ತಿದ್ದುವುದಕ್ಕೆ ಬೊಕ್ಕಸದಿಂದ ಹಣ ಹೋಗಬೇಕಾಗಿಲ್ಲ, ಹೊಸ ಇಲಾಖೆ ಬೇಕಾಗಿಲ್ಲ. ಕಾಯಿದೆಯಲ್ಲಿ ನಾಲ್ಕು ಪಂಕ್ತಿ ಸೇರಿಸಿದರೆ ಆಯಿತು. ೨೦೧೭ರಿಂದ ಈಚೆಗೆ ಕಟ್ಟಡಗಳ ವಿಷಯವಾಗಿಯೂ ವಸತಿಯ ವಿಷಯವಾಗಿಯೂ ದಪ್ಪದಪ್ಪ ಅಧಿನಿಯಮಗಳು ಬಂದಿವೆ. ೨೦೨೩ರ ಸಾಮಾಜಿಕ ವಸತಿ ಅಧಿನಿಯಮವು ಕೇಂದ್ರದ ನಿಯಂತ್ರಕರ ಕೈಯನ್ನು ಬಲಪಡಿಸಿತು. ಊರಿನೊಳಗೇ ಕುಳಿತು ಕೇಳಬೇಕಾದ ಸಮಿತಿಯಲ್ಲಿ ನಿವಾಸಿಗೆ ಮತವನ್ನು ಮಾತ್ರ ಅವು ಕೊಟ್ಟಿಲ್ಲ.

ಕೆಲವು ಊರಿನ ಜನರು ಬೇಸತ್ತು ಹಳೆಯ ದಾರಿಗೇ ಹಿಂದಿರುಗಿದುದೂ ಉಂಟು. ೨೦೧೧ರ ಅಧಿನಿಯಮವೊಂದು ಸಮಿತಿಪದ್ಧತಿಗೆ ಮರಳಲು ಅವಕಾಶ ಕೊಟ್ಟಿತು. ೨೦೨೧ರ ಮೇ ತಿಂಗಳಿನಲ್ಲಿ ಶೆಫೀಲ್ಡ್ ನಗರದವರೂ, ೨೦೨೨ರ ಮೇ ತಿಂಗಳಿನಲ್ಲಿ ಬ್ರಿಸ್ಟಲ್ ನಗರದವರೂ ಜನಮತದಿಂದ ಆ ಪದ್ಧತಿಯನ್ನೇ ಆರಿಸಿಕೊಂಡರು. ಆರಿಸಲ್ಪಟ್ಟ ಪ್ರತಿಯೊಬ್ಬನಿಗೂ ನಿರ್ಣಯದಲ್ಲಿ ಪಾಲಿರಲೆಂಬುದು ಅವರ ಅಭಿಪ್ರಾಯ. ಅವರು ಆರಿಸಿದುದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದು ಅವರ ಊರು, ಅವರ ಆಯ್ಕೆ. ೨೦೨೫ರ ಜುಲೈ ತಿಂಗಳಿನಲ್ಲಿ ಲಂಡನ್ನಿನ ಸರ್ಕಾರವು ಪಾರ್ಲಿಮೆಂಟಿನ ಮುಂದಿಟ್ಟ ಮಸೂದೆಯೊಂದು, ಜನರಿಗೆ ಅಧಿಕಾರವನ್ನು ಹಂಚುವುದೆಂಬ ಹೆಸರನ್ನು ಹೊತ್ತುಕೊಂಡು, ಈ ಸಮಿತಿಪದ್ಧತಿಯನ್ನು ಬಹುಮಟ್ಟಿಗೆ ಕೊನೆಗಾಣಿಸಿ ನಾಯಕ-ಮಂತ್ರಿಮಂಡಲಿಯ ಪದ್ಧತಿಯನ್ನೇ ಎಲ್ಲೆಡೆಯಲ್ಲಿಯೂ ನಿಲ್ಲಿಸುವ ವಿಧಿಗಳನ್ನು ಒಳಗೊಂಡಿತ್ತು. ಕೆಲಸವು ಬೇಗ ಆಗುತ್ತದೆ, ಹೊಣೆಯು ಸ್ಪಷ್ಟವಾಗುತ್ತದೆ ಎಂಬ ೨೦೦೦ನೆಯ ಇಸವಿಯ ಸಮರ್ಥನೆಯೇ ಮತ್ತೆ ಕೇಳಿಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉತ್ತರ ಕೆನ್ಸಿಂಗ್ಟನ್ನಿನಲ್ಲಿ ಗ್ರೆನ್‌ಫೆಲ್ ಗೋಪುರದ ಸುಟ್ಟ ಗೋಡೆಗಳನ್ನು ಒಂದೊಂದು ಅಂತಸ್ತಾಗಿ ಇಳಿಸುವ ಕೆಲಸವು ಪ್ರಾರಂಭವಾಯಿತು.